ನೀಲಿ ಅಂಚಿನ ತಾಟು

ಚಂಪಾ ಊರಿಗೆ ತಿರುಗಿ ಬಂದ ಮರುದಿನ ನಾನು ಅಡುಗೆಮನೆಯ ಗೂಡಿನಲ್ಲಿದ್ದ ಅವಳ ತಾಟನ್ನು ಕೆಳಗಿಳಿಸಿ, ಹುಣಸೆಹಣ್ಣು ಹಚ್ಚಿ ಹಿತ್ತಲ ಕಲ್ಲಿನ ಮೇಲೆ ಕೂತು ತಿಕ್ಕಿದೆ. ಕಂಚಿನ ತಾಟು, ನಮ್ಮ ಅವ್ವನ ಕಾಲದ್ದು. ಒಂದು ಕಡೆ ಅಂಚು ಸ್ವಲ್ಪ ನೆಗ್ಗಿದೆ. ಚಂಪಾ ಸಣ್ಣವಳಿದ್ದಾಗ ಸಿಟ್ಟಿಗೆದ್ದು ಎಸೆದದ್ದು. ಅವಳು ಸಮುದ್ರ ದಾಟಿ ಹೋದ ಮೇಲೆ ದಿನಕ್ಕೆರಡು ಹೊತ್ತು ಅದರಲ್ಲಿ ಬಡಿಸಿ, ಗೂಡಿನಲ್ಲಿಟ್ಟು, ಬೆನ್ನು ತಿರುಗಿಸಿದ್ದೆ. ಇನ್ನು ಮೇಲೆ ಬೆನ್ನು ತಿರುಗಿಸುವ ಕೆಲಸವಿಲ್ಲ, ಎದುರಿಗೆ ಕೂಡಿಸಿಕೊಂಡು ಬಡಿಸಬಹುದು ಅಂದುಕೊಂಡು, ಬಿಸಿಲಿಗೆ ಕಣ್ಣು ಕೋರೈಸುವ ಹಾಗೆ ಬೆಳಗಿದೆ.

ನಮ್ಮ ಊರಲ್ಲಿ ಹೊರದೇಶಕ್ಕೆ ಹೋದವರಿಗೆ ಮನೆಯಲ್ಲಿ ತಾಟು ಇಡುತ್ತಾರೆ. ಇಡುವವರು ಆ ಮನುಷ್ಯನಿಗೆ ಒಂದು ಸಲವಾದರೂ ಕೈತುತ್ತು ಉಣ್ಣಿಸಿರಬೇಕು. ಬಡಿಸಿ, ಗೂಡಿನಲ್ಲಿಟ್ಟು, ಒಲೆಯ ಕಡೆಗೋ ನೀರಿನ ಕೊಡದ ಕಡೆಗೋ ತಿರುಗಬೇಕು. ಮತ್ತೆ ಈ ಕಡೆ ನೋಡುವ ಹೊತ್ತಿಗೆ ತಾಟು ಖಾಲಿಯಾಗಿರುತ್ತದೆ. ಅಲ್ಲಿರುವವರ ಹೊಟ್ಟೆ ತುಂಬಿರುತ್ತದೆ. ಬೇರೆ ಊರಿಂದ ಬಂದ ಸೊಸೆಯಂದಿರು ಮೊದಮೊದಲು ಬಾಗಿಲ ಸಂದಿಯಿಂದ ಇಣುಕಿ ನೋಡುವುದುಂಟು. ಅವರು ನೋಡುವಷ್ಟು ಹೊತ್ತೂ ಅನ್ನ ಅನ್ನವಾಗಿಯೇ ಇರುತ್ತದೆ. ಉಣ್ಣುವವರ ಬಾಯಿ ನೋಡಬಾರದವ್ವ ಎಂದು ಅತ್ತೆ ಗದರಿಸಿದ ಮೇಲೆ ಅವರಿಗೂ ರೂಢಿಯಾಗುತ್ತದೆ.

ರೂಢಿಯಾದ ಮೇಲೆ ಎಲ್ಲ ಸಂಸಾರದ ಮಾತೇ. ನಳದ ಹತ್ತಿರ ಕೊಡ ಇಟ್ಟು ನಿಂತಾಗ ಹೆಂಗಸರು ಮಾತಾಡುವುದು ತಾಟಿನ ಸುದ್ದಿಯನ್ನೇ. ಒಬ್ಬಳ ಮಗ ಪಲ್ಯ ಬಿಟ್ಟು ಮೊಸರನ್ನವನ್ನಷ್ಟೇ ಉಂಡನಂತೆ, ಹೊಟ್ಟೆ ಕೆಟ್ಟಿರಬೇಕು. ಇನ್ನೊಬ್ಬಳ ಗಂಡ ಹದಿನೈದು ದಿನ ಫೋನು ಮಾಡಲಿಲ್ಲವೆಂದು ಅವಳು ಬರೀ ಹಾಗಲಕಾಯಿ ಬೇಯಿಸಿ ಇಟ್ಟಳಂತೆ. ಅಂದು ಸಂಜೆಯೇ ಫೋನು ಬಂತಂತೆ. ಯಾರ ಮನೆಯಲ್ಲಾದರೂ ತಾಟು ದಿನಾ ತುಂಬಿಯೇ ಉಳಿಯಿತು ಅಂದರೆ ದನಿ ತಗ್ಗಿಸಿ ಮಾತಾಡುತ್ತಿದ್ದೆವು. ಅವನಿಗೆ ಆ ಕಡೆಯ ಅನ್ನ ಒಗ್ಗಿತು, ಇನ್ನು ಅವನು ಅಲ್ಲಿಯವನೇ ಎಂದು ಲೆಕ್ಕ. ಅಂಥ ಮನೆಯವರು ಕೆಲವು ದಿನ ಕಾದು, ಒಂದು ಅಮಾವಾಸ್ಯೆಯ ದಿನ ತಾಟು ತೊಳೆದು ಗೂಡಿನಲ್ಲಿ ಬೋರಲು ಹಾಕಿಬಿಡುತ್ತಿದ್ದರು. ಆಮೇಲೆ ಅಲ್ಲಿಯವರು ಅಲ್ಲಿ, ಇಲ್ಲಿಯವರು ಇಲ್ಲಿ.

ಪಕ್ಕದ ಮನೆಯ ತಿಪ್ಪವ್ವಜ್ಜಿ ಒಬ್ಬಳೇ ಇದಕ್ಕೆ ಹೊರತು. ಅವಳ ಮೊಮ್ಮಗನ ತಾಟು ತುಂಬಿ ಉಳಿಯಹತ್ತಿ ಬಹಳ ಕಾಲವಾಗಿತ್ತು. ಆದರೂ ಅವಳು ದಿನಾ ಬಡಿಸುತ್ತಿದ್ದಳು, ದಿನಾ ತೆಗೆದು ಕರುವಿಗೆ ಹಾಕುತ್ತಿದ್ದಳು. ಆ ಕರು ಹೋಳಿಗೆ ತಿಂದು ತಿಂದು ಹುಲ್ಲು ಮೂಸುವುದನ್ನೇ ಬಿಟ್ಟಿದೆ ಎಂದು ಓಣಿಯವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೊಳಗೆ ಪಾಪ ಅನ್ನಿಸುತ್ತಿತ್ತು. ಯಾಕೆಂದರೆ ನಮ್ಮ ಚಂಪಾಳ ತಾಟು ಒಂದು ಹೊತ್ತೂ ಉಳಿದದ್ದಿಲ್ಲ. ಚಟ್ನಿಪುಡಿಯ ಕಣ ಸಹ ಉಳಿಯುತ್ತಿರಲಿಲ್ಲ, ಬೆರಳಿಂದ ಒರೆಸಿ ತಿಂದ ಹಾಗೆ ಇರುತ್ತಿತ್ತು.

ಚಂಪಾ ನನ್ನ ತಂಗಿ ಅನ್ನುವುದಕ್ಕಿಂತ ಮಗಳು ಅಂದರೇ ಸರಿ. ಅವ್ವ ತೀರಿಕೊಂಡಾಗ ಅವಳಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ನಾನು ರೊಟ್ಟಿ ಬಡಿಯುತ್ತ, ಒಂದು ತುತ್ತು ಅವಳ ಬಾಯಿಗೆ, ಒಂದು ರೊಟ್ಟಿ ಹಂಚಿಗೆ ಎಂದು ಅವಳನ್ನು ಬೆಳೆಸಿದೆ. ನನ್ನ ಮದುವೆಯಾದ ಮೇಲೂ ಅವಳನ್ನು ಜೊತೆಗೇ ಇಟ್ಟುಕೊಂಡೆ. ನಮ್ಮ ಮನೆಯವರು ಒಳ್ಳೆಯ ಮನುಷ್ಯ, ಇದ್ದಷ್ಟು ದಿನ ಒಂದು ಮಾತೂ ಅನ್ನಲಿಲ್ಲ. ಅವರು ಹೋದ ಮೇಲೆ ನನಗೆ ಉಳಿದದ್ದು ರೊಟ್ಟಿಯ ಕೆಲಸ ಮತ್ತು ಚಂಪಾ. ಪಡಸಾಲೆಯಲ್ಲೇ ಒಲೆ ಹಾಕಿ ಜೋಳದ ರೊಟ್ಟಿ ಮಾಡಿ ಮಾರುತ್ತೇನೆ. ಮದುವೆ ಮನೆಯವರು, ಪೇಟೆಯ ಖಾನಾವಳಿಯವರು ಒಯ್ಯುತ್ತಾರೆ.

ಅವಳು ಹೋಗಿದ್ದು ಒಂದು ಮನೆಯಲ್ಲಿ ಕೂಸು ನೋಡಿಕೊಳ್ಳುವ ಕೆಲಸಕ್ಕೆ. ಗಂಡಹೆಂಡತಿ ಇಬ್ಬರೂ ದುಡಿಯುವವರು, ಒಂದೇ ಹೆಣ್ಣುಮಗು, ಇಲ್ಸೆ ಎಂದು ಹೆಸರು. ಮೊದಲ ಸಲ ಫೋನಿನಲ್ಲಿ ಕಂಡಾಗ ಆ ಕೂಸು ಚಂಪಾಳ ಹೆಗಲ ಮೇಲೆ ಹತ್ತಿ ಬೆಣ್ಣೆಯ ಮುದ್ದೆಯಂತೆ ಕೂತಿತ್ತು. ಅದಕ್ಕೆ ಒಂದೇ ಒಂದು ಕನ್ನಡದ ಮಾತು ಬರುತ್ತಿತ್ತು. ನನ್ನ ಮುಖ ಕಂಡ ಕೂಡಲೇ "ಊಟಾತಾ?" ಎಂದು ಕೇಳುತ್ತಿತ್ತು. ಆತವ್ವ, ನಿಂದಾತಾ, ಎಂದು ನಾನು ಕೇಳಿದರೆ ಅದು ನಕ್ಕು ಓಡಿಹೋಗುತ್ತಿತ್ತು. ಆಮೇಲೆ ನಾನು ಚಂಪಾಳಿಗೆ ತಾಟಿನ ವರದಿ ಒಪ್ಪಿಸುತ್ತಿದ್ದೆ. ಇವತ್ತು ಎಣ್ಣೆಗಾಯಿ ಇಟ್ಟಿದ್ದೆ, ಎರಡೂ ರೊಟ್ಟಿ ಖಾಲಿ. ಇವತ್ತು ಮೂರನೆಯದೂ ಇಟ್ಟೆ, ಅದೂ ಖಾಲಿ. ಚಂಪಾ ಹೂಂ ಅನ್ನುತ್ತಿದ್ದಳು. ದಣಿದಿದ್ದಾಳೆ ಅಂದುಕೊಳ್ಳುತ್ತಿದ್ದೆ.

ಹುಡುಗಿ ದೊಡ್ಡದಾಗಿ ದಿನವಿಡೀ ಸಾಲಿಗೆ ಹೋಗಹತ್ತಿದ ಮೇಲೆ ಅವರಿಗೆ ಚಂಪಾ ಬೇಕಾಗಲಿಲ್ಲ. ನನಗೂ ಒಲೆಯ ಮುಂದೆ ಕೂತು ಏಳುವಾಗ ಮೊಣಕಾಲು ಹಿಡಿಯುತ್ತಿತ್ತು. ಸಾಕು ಬಂದುಬಿಡು ಅಂದೆ. ಬಂದಳು.

ಬಂದ ಮರುದಿನ ಮಧ್ಯಾಹ್ನ, ಆ ಬೆಳಗಿದ ತಾಟಿನಲ್ಲಿ ಅವಳಿಗೆ ಸೇರುವುದೆಲ್ಲವನ್ನೂ ಬಡಿಸಿದೆ. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. ಎದುರಿಗೆ ಕೂತೆ. ಇಷ್ಟು ವರ್ಷ ನೋಡಬಾರದ್ದನ್ನು ಇವತ್ತು ಕಣ್ಣು ತುಂಬ ನೋಡಬೇಕು ಎಂದು ಆಸೆ. ಚಂಪಾ ರೊಟ್ಟಿಯ ಅಂಚು ಮುರಿದಳು. ಎಣ್ಣೆಗಾಯಿಗೆ ಒತ್ತಿ ಬಾಯಿಗಿಟ್ಟುಕೊಂಡಳು. ಬಹಳ ಹೊತ್ತು ಅಗಿದಳು. ನುಂಗಿ, ನೀರು ಕುಡಿದು, ಚೊಲೊ ಆಗೇತಕ್ಕ ಅಂದಳು. ಪರರ ಮನೆಗೆ ಹೋದವರು ಹೇಳುವ ಹಾಗೆ ಹೇಳಿದಳು. ಪ್ರಯಾಣ ಮಾಡಿ ಬಂದಿದ್ದಾಳೆ, ಹೊಟ್ಟೆ ಇನ್ನೂ ಹದಕ್ಕೆ ಬಂದಿಲ್ಲ ಅಂದುಕೊಂಡು ತಾಟು ಎತ್ತಿದೆ.

ಎರಡನೆಯ ದಿನವೂ ಅದೇ. ವಾರವಾಯಿತು, ತಿಂಗಳಾಯಿತು. ಒಂದೇ ತುತ್ತು ತಿನ್ನುವಳು, ಅದೂ ನನ್ನ ಸಲುವಾಗಿ. ಹಾಗೆಂದು ಅವಳು ಸೊರಗಲಿಲ್ಲ. ಮೈಕೈ ತುಂಬಿಕೊಂಡೇ ಇದ್ದಳು, ಮುಖದಲ್ಲಿ ಕಳೆ ಇತ್ತು. ಹಿಟ್ಟು ಜರಡಿ ಹಿಡಿಯುವಳು, ಕಟ್ಟಿಗೆ ಒಡೆಯುವಳು, ನಾನು ಬಡಿದ ರೊಟ್ಟಿಯನ್ನು ಬೇಯಿಸಿ ಒಟ್ಟುವಳು. ಬರೀ ಉಣ್ಣುತ್ತಿರಲಿಲ್ಲ.

ಓಣಿಯವರಿಗೆ ಇದು ಕಾಣಲಿಲ್ಲ. ಅವರಿಗೆ ಅವಳ ಬಾಯಿಂದ ಅಲ್ಲಿಯ ಸುದ್ದಿ ಬೇಕಾಗಿತ್ತು. ಸಂಜೆಯಾದರೆ ಕಟ್ಟೆಯ ಮೇಲೆ ಬಂದು ಕೂಡುವರು. ಅಲ್ಲಿ ಎಮ್ಮೆ ಇವೆಯೇ, ಅಲ್ಲಿಯ ಹೆಂಗಸರು ಕೂದಲಿಗೆ ಏನು ಹಚ್ಚುತ್ತಾರೆ, ಅಲ್ಲಿ ಸಾಲ ಕೇಳಲು ಯಾರ ಮನೆಗೆ ಹೋಗುತ್ತಾರೆ. ಚಂಪಾ ಮೊದಲು ಉತ್ಸಾಹದಿಂದಲೇ ಹೇಳಿದಳು. ಅಲ್ಲಿ ನಳ ತಿರುಗಿಸಿದರೆ ಹಗಲೂ ರಾತ್ರಿ ನೀರು, ಬೇಕೆಂದರೆ ಬಿಸಿನೀರು. ಕಸವನ್ನು ಬೇರೆ ಬೇರೆ ಬಣ್ಣದ ಡಬ್ಬಿಗೆ ಹಾಕಬೇಕು, ತಪ್ಪಿ ಹಾಕಿದರೆ ಪಕ್ಕದ ಮನೆಯವನು ಬಂದು ಹೇಳುತ್ತಾನೆ. ಅವನು ಬಾಗಿಲು ಬಡಿಯುವುದು ಅದೊಂದೇ ಕಾರಣಕ್ಕೆ. ಬಸ್ಸು ಹೇಳಿದ ಹೊತ್ತಿಗೆ ಬರುತ್ತದೆ, ಒಳಗೆ ಯಾರೂ ಮಾತಾಡುವುದಿಲ್ಲ. ಬೇಸಿಗೆಯಲ್ಲಿ ಮಕ್ಕಳು ಮಲಗುವ ಹೊತ್ತಿಗೂ ಬಿಸಿಲು ಇರುತ್ತದೆ, ಕಿಟಕಿಗೆ ಕಪ್ಪು ಪರದೆ ಎಳೆದು ಕತ್ತಲೆ ಮಾಡಬೇಕು. ಹಸುಗೂಸನ್ನೂ ಬೇರೆ ಕೋಣೆಯಲ್ಲಿ ಮಲಗಿಸುತ್ತಾರೆ. ದಾರಿಯಲ್ಲಿ ಸಿಕ್ಕವರು ಹವೆ ಹೇಗಿದೆ ಎಂದು ಮಾತಾಡುತ್ತಾರೆ, ಊಟವಾಯಿತೇ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ.

"ಹಂಗಾರ ಯಾರು ಉಪಾಸ ಅದಾರಂತ ಗೊತ್ತ ಆಗೂದು ಹ್ಯಾಂಗ?" ಎಂದು ತಿಪ್ಪವ್ವಜ್ಜಿ ಕೇಳಿದಳು.

ಚಂಪಾ ಸ್ವಲ್ಪ ಯೋಚಿಸಿ, "ಗೊತ್ತಾಗಂಗಿಲ್ಲಜ್ಜಿ" ಅಂದಳು.

ದಿನ ಕಳೆದಂತೆ ಅವಳು ಹೇಳುವುದನ್ನು ಕಡಿಮೆ ಮಾಡಿದಳು. ಅಲ್ಲಿಯದು ಚೆನ್ನ ಅಂದರೆ ಇವಳಿಗೆ ಸೊಕ್ಕು ಬಂತು ಅನ್ನುತ್ತಿದ್ದರು, ಇಲ್ಲಿಯದೇ ಚೆನ್ನ ಅಂದರೆ ಮತ್ತೆ ಯಾಕೆ ಹೋಗಿದ್ದೆ ಅನ್ನುತ್ತಿದ್ದರು. ಅವಳು ನಳದ ಪಾಳಿಗೆ ಸುಮ್ಮನೆ ಹೋಗಿ ನಿಲ್ಲುತ್ತಿದ್ದಳು. ದಾರಿಯಲ್ಲಿ ಸಿಕ್ಕವರೆಲ್ಲ ಊಟಾತಾ ಎಂದು ಕೇಳಿದರೆ ಆತು ಅನ್ನುತ್ತಿದ್ದಳು. ಅದು ಸುಳ್ಳೆಂದು ನನಗೆ ಗೊತ್ತಿತ್ತು. ಆದರೆ ಹಾಗೆ ಹೇಳುವಾಗ ಅವಳ ಮುಖ ಸುಳ್ಳು ಹೇಳುವವರ ಮುಖದಂತೆ ಇರುತ್ತಿರಲಿಲ್ಲ.

ನಾನು ನನಗೆ ತಿಳಿದದ್ದನ್ನೆಲ್ಲ ಮಾಡಿ ನೋಡಿದೆ. ಮಧ್ಯಾಹ್ನದ ಊಟವನ್ನು ಬೆಳಿಗ್ಗೆಯೇ ಬಡಿಸಿದೆ. ಅವಳು ಎದ್ದಾಗಲೇ ತುಂಬಿದ ಹೊಟ್ಟೆಯವಳಂತೆ ಇರುತ್ತಿದ್ದಳು. ಮಾದಲಿ ಮಾಡಿದೆ, ಶೇಂಗಾ ಹೋಳಿಗೆ ಮಾಡಿದೆ. ಖಾರ ಕಡಿಮೆ ಮಾಡಿದೆ, ಹೆಚ್ಚು ಮಾಡಿದೆ. ದೃಷ್ಟಿ ತೆಗೆಸಿದೆ, ಅವಳ ಸುತ್ತ ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದೆ. ಬಸ್‌ಸ್ಟ್ಯಾಂಡಿನ ಹತ್ತಿರದ ಡಾಕ್ಟರ ಬಳಿ ಕರೆದೊಯ್ದೆ, ಅವರು ಹೊಟ್ಟೆ ಒತ್ತಿ ನೋಡಿ, ಈಗ ತಾನೇ ಉಂಡುಬಂದವರಿಗೆ ಏನು ಔಷಧ ಕೊಡಲಿ ಅಂದರು. ಅವಳು ಏನೂ ತಿಂದಿಲ್ಲ ಡಾಕ್ಟರೇ ಎಂದು ನಾನು ಹೇಳಿದೆ. ಅವರು ನನ್ನ ಮುಖ ನೋಡಿದರು.

ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಚಂಪಾ ಇದ್ದಕ್ಕಿದ್ದಂತೆ ತುಟಿಯ ಮೂಲೆಯನ್ನು ನಾಲಿಗೆಯಿಂದ ಒರೆಸಿಕೊಂಡಳು. ಏನು ಅಂದೆ. ಏನಿಲ್ಲ ಅಂದಳು. ಆದರೆ ಅವಳು ಹತ್ತಿರ ಬಂದಾಗ ಅವಳ ಉಸಿರಿಗೆ ಬೆಣ್ಣೆ ಹಚ್ಚಿ ಸುಟ್ಟ ಬ್ರೆಡ್ಡಿನ ವಾಸನೆ ಇತ್ತು. ನಮ್ಮ ಮನೆಯಲ್ಲಿ ಬ್ರೆಡ್ಡು ತರುವುದು ಯಾರಿಗಾದರೂ ಜ್ವರ ಬಂದಾಗ ಮಾತ್ರ. ಏನೆಂದು ಮನಸ್ಸು ಗುರುತಿಸಿತ್ತು, ಒಪ್ಪಿಕೊಳ್ಳಲಿಲ್ಲ.

ರವಿವಾರ ಇಲ್ಸೆಯ ಫೋನು ಬರುತ್ತಿತ್ತು. ಅವಳು ಈಗ ಉದ್ದಕ್ಕೆ ಬೆಳೆದಿದ್ದಳು, ಎರಡು ಜಡೆ ಹಾಕಿಕೊಂಡಿರುತ್ತಿದ್ದಳು. ಜಡೆ ಹೆಣೆಯುವುದನ್ನು ಚಂಪಾ ಕಲಿಸಿದ್ದಳಂತೆ. ಅವರಿಬ್ಬರೂ ಅವರ ಭಾಷೆಯಲ್ಲಿ ಮಾತಾಡುವಾಗ ಚಂಪಾಳ ದನಿಯೇ ಬೇರೆಯಾಗುತ್ತಿತ್ತು, ಸಣ್ಣದಾಗಿ, ಮೂಗಿನಿಂದ ಬಂದ ಹಾಗೆ. ನಾನು ಹಿಟ್ಟಿನ ಕೈಯಲ್ಲಿ ದೂರದಿಂದ ನೋಡುತ್ತಿದ್ದೆ. ಆ ರವಿವಾರ ಹುಡುಗಿ ಫೋನನ್ನು ಎತ್ತಿಕೊಂಡು ಅವರ ಅಡುಗೆಮನೆಯನ್ನೆಲ್ಲ ತೋರಿಸಹತ್ತಿದಳು. ನಾನೂ ಹತ್ತಿರ ಹೋದೆ. ಎತ್ತರದ ಟೇಬಲ್ಲು, ಬಿಳಿಯ ಗೋಡೆ, ಕಿಟಕಿಯ ಹೊರಗೆ ಮಂಜು ಕವಿದ ಅಂಗಳ. ಕಿಟಕಿಯ ಕಟ್ಟೆಯ ಮೇಲೆ ನೀಲಿ ಅಂಚಿನ ಒಂದು ತಾಟು. ಅದರಲ್ಲಿ ಬೆಣ್ಣೆ ಹಚ್ಚಿದ ಎರಡು ಬ್ರೆಡ್ಡು, ಒಂದು ಬೇಯಿಸಿದ ತತ್ತಿ, ಅರ್ಧ ಸೇಬು. ಹುಡುಗಿ ಏನೋ ಹೇಳಿ ನಕ್ಕು ಫೋನನ್ನು ಗೋಡೆಯ ಕಡೆಗೆ ತಿರುಗಿಸಿದಳು. ಗೋಡೆಯನ್ನೇ ನೋಡುತ್ತ ನಿಂತೆವು. ಮತ್ತೆ ಈ ಕಡೆ ತಿರುಗಿಸಿದಾಗ ತಾಟಿನಲ್ಲಿ ತತ್ತಿಯ ಹಳದಿಯ ಒಂದು ಗೆರೆ ಮಾತ್ರ ಇತ್ತು.

"ಊಟಾತಾ?" ಎಂದು ಹುಡುಗಿ ಕೇಳಿದಳು.

"ಆತು" ಎಂದು ಚಂಪಾ ಹೇಳಿದಳು. ಅವಳ ಕಣ್ಣು ನನ್ನ ಕಡೆ ಇರಲಿಲ್ಲ.

ಫೋನು ಇಟ್ಟ ಮೇಲೆ ಅವಳೇ ಹೇಳಿದಳು. ಹೊರಡುವ ಮುಂಚೆ ಹುಡುಗಿ ಅತ್ತಾಗ, ಸುಮ್ಮನಾಗಿಸಲೆಂದು ನಮ್ಮ ಊರಿನ ಈ ರೂಢಿಯನ್ನು ಕತೆಯಂತೆ ಹೇಳಿದ್ದಳಂತೆ. ಹುಡುಗಿ ಅದನ್ನು ಕತೆಯೆಂದು ತಿಳಿಯಲಿಲ್ಲ. ಬೆಳಿಗ್ಗೆ ಒಮ್ಮೆ, ಸಾಲಿಯಿಂದ ಬಂದು ಒಮ್ಮೆ, ಮಲಗುವ ಮುಂಚೆ ಒಮ್ಮೆ ತಾಟು ಇಡುತ್ತಾಳೆ. ತಾಯಿತಂದೆ ಮೊದಲು ನಾಯಿಯ ಮೇಲೆ ಸಂಶಯಪಟ್ಟರು, ಆಮೇಲೆ ಮಕ್ಕಳ ಆಟವೆಂದು ಬಿಟ್ಟರು. ಅಲ್ಲಿ ಬೆಳಗಿನ ತಿಂಡಿಯ ಹೊತ್ತಿಗೆ ಇಲ್ಲಿ ನಮ್ಮ ಮಧ್ಯಾಹ್ನದ ಊಟ. ಅವಳು ಹಾಲು ಬಿಸ್ಕೀಟು ಇಡುವಾಗ ನಾವು ರಾತ್ರಿಯ ಊಟಕ್ಕೆ ಕೂಡುತ್ತೇವೆ. ಅವರ ರಾತ್ರಿಯ ಊಟ, ಚಂಪಾ ಮಲಗಿದ್ದಲ್ಲೇ ಅವಳ ಹೊಟ್ಟೆಗೆ ಬರುತ್ತದೆ.

ಅದಾದ ಮೂರನೆಯ ದಿನ ಅವಳ ತಾಟು ಎತ್ತುವಾಗ, ಅಂಚು ಮಾತ್ರ ಮುರಿದ ರೊಟ್ಟಿಯ ಮೇಲೆ ನೊಣ ಕೂತಿತ್ತು, ಅದನ್ನು ಕಂಡು ತಡೆಯಲಾಗಲಿಲ್ಲ. ನಿನ್ನ ಆ ಹುಡುಗಿಗೆ ತಾಟು ಬೋರಲು ಹಾಕೆಂದು ಹೇಳು ಅಂದೆ. ಅವಳಿಗೆ ತಾಯಿ ಇದ್ದಾಳೆ, ತಂದೆ ಇದ್ದಾನೆ, ಆಡಲು ಗೆಳತಿಯರಿದ್ದಾರೆ. ನನಗೆ ಯಾರಿದ್ದಾರೆ? ಎದುರಿಗೆ ಕೂತ ತಂಗಿ ಒಂದು ರೊಟ್ಟಿ ತಿನ್ನದಿದ್ದರೆ ನಾನು ಊರಿಗೆಲ್ಲ ರೊಟ್ಟಿ ಬಡಿದು ಏನು ಮಾಡಲಿ? ಹೀಗೆಲ್ಲ ಅಂದೆ.

ಚಂಪಾ ಕೈಯಲ್ಲಿದ್ದ ಜರಡಿಯನ್ನು ಕೆಳಗಿಟ್ಟಳು.

"ಅಲ್ಲಿ ಅವರ ಟೇಬಲ್ಲಿಗೆ ನನಗೂ ಒಂದು ಕುರ್ಚಿ ಹಾಕಿದ್ರಕ್ಕ" ಅಂದಳು. "ಕೆಲಸದಾಕಿ ಅಂತ ಬ್ಯಾರೆ ಕುಂಡ್ರಸಿದ್ದಿಲ್ಲ. ದಿನಾ ಕರೀತಿದ್ರು. ನಾ ಹೋಗಿ ಕುಂಡ್ರತಿದ್ದೆ. ಹೊಟ್ಟಿ ತುಂಬಿರತಿತ್ತು, ನಿನ್ನ ರೊಟ್ಟೀಲೆ. ಆಕಿ ತಾಯಿ ಪಾಪ, ನಮ್ಮ ಅಡಿಗಿ ನಿನಗ ಸೇರಂಗಿಲ್ಲೇನು ಅಂತ ಕೇಳಾಕಿ. ನನ್ನ ಸಲುವಾಗಿ ಖಾರದ ಪುಡಿ ಎಲ್ಲಿಂದೋ ಹುಡುಕಿ ತಂದಿದ್ಲು. ನಾ ಒಂದು ತುತ್ತು ತಿಂದು, ಭಾಳ ಚೊಲೊ ಆಗೇತ್ರಿ ಅಂತಿದ್ದೆ."

ಒಲೆಯ ಮೇಲೆ ಹಂಚು ಸುಮ್ಮನೆ ಕಾಯುತ್ತಿತ್ತು. ಅದನ್ನು ಇಳಿಸಲು ನನಗೆ ನೆನಪಾಗಲಿಲ್ಲ.

"ಎಷ್ಟ ದಿನ ಕೇಳ್ಯಾರು? ಆಮ್ಯಾಲ ಕೇಳೂದ ಬಿಟ್ರು. ಒಂದಿನ ನೋಡ್ತೀನಿ, ಕುರ್ಚಿ ಮಾಳಿಗಿ ಮ್ಯಾಲ ಹೋಗಿತ್ತು. ಅವರದೇನೂ ತಪ್ಪಿಲ್ಲ. ಉಣ್ಣಲಾರದಾಕಿಗೆ ಯಾಕ ಬೇಕು ಕುರ್ಚಿ? ಆ ಕೂಸು ಒಂದ, ತನ್ನ ತಾಟಿನಾಗಿನ ತುಣುಕು ತಗೊಂಡು ನನ್ನ ಬಾಯಾಗ ತುರುಕತಿತ್ತು. ಬಾಯಿ ತಗೀ ಚಂಪಾ, ಬಾಯಿ ತಗೀ ಅಂತ. ಇಷ್ಟು ವರ್ಷದಾಗ ನಾ ಅಲ್ಲಿ ಉಂಡದ್ದು ಅಷ್ಟ."

ಫೋನಿನಲ್ಲಿ ಒಂದು ಮಾತು ಹೇಳಬಹುದಿತ್ತಲ್ಲೇ ಅಂದೆ.

"ಹ್ಯಾಂಗ ಹೇಳ್ಲಿ? ತಾಟು ಖಾಲಿ ಆತು, ತಾಟು ಖಾಲಿ ಆತು ಅಂತ ನೀ ಎಷ್ಟು ಖುಷೀಲೆ ಹೇಳ್ತಿದ್ದಿ." ಚಂಪಾ ಮತ್ತೆ ಜರಡಿ ಕೈಗೆ ತೆಗೆದುಕೊಂಡಳು. "ನೀ ಬೋರಲ ಹಾಕಬೇಕಿತ್ತು ಅಂತ ನಾ ಅನ್ನಾಕತ್ತಿಲ್ಲ. ಆದ್ರ ಆಕಿಗೆ ಹಾಕು ಅಂತ ನನ್ನ ಬಾಯೀಲೆ ಹೇಳಸಬ್ಯಾಡಕ್ಕ."

ಆಮೇಲೆ ನಾನು ಆ ಮಾತು ಎತ್ತಲಿಲ್ಲ. ಆದರೆ ಒಲೆಯ ಮುಂದೆ ಕೂತಾಗಲೆಲ್ಲ ಆ ಕುರ್ಚಿ ಕಣ್ಣಿಗೆ ಕಟ್ಟುತ್ತಿತ್ತು. ನಾನು ನೋಡದ ಕುರ್ಚಿ. ಮೂರನೆಯ ರೊಟ್ಟಿಯೂ ಖಾಲಿ ಎಂದು ನಾನು ನಳದ ಹತ್ತಿರ ಹೇಳಿಕೊಂಡು ಮೆರೆಯುತ್ತಿದ್ದ ದಿನ ಅವಳು ಆ ಕುರ್ಚಿಯ ಮೇಲೆ, ಎಲ್ಲರೂ ಉಣ್ಣುವುದನ್ನು ನೋಡುತ್ತ, ಕೈ ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದಳು. ಮೇಲೆ ಸುಳ್ಳು ಹೊಗಳಿಕೆ ಬೇರೆ. ಇಲ್ಲಿಗೆ ಬಂದು ನನ್ನೆದುರಿಗೂ ಅದೇ. ನನ್ನ ತಂಗಿ ಎಲ್ಲಿ ಕೂತರೂ ಬೇರೆ ಕಡೆಯ ಅನ್ನದಿಂದ ತುಂಬಿದ ಹೊಟ್ಟೆಯಲ್ಲಿ ಕೂಡುವಂತಾಯಿತು. ನಮ್ಮ ಊರವರಿಗೆಲ್ಲ ಖಾಲಿ ತಾಟು ಅಂದರೆ ಸುಖದ ಸುದ್ದಿ. ನಾವು ಯಾರೂ ಆ ತುದಿಯಲ್ಲಿ ಕೂತು ನೋಡಿದವರಲ್ಲ.

ಒಂದು ಸಂಜೆ ಇದನ್ನೆಲ್ಲ ತಿಪ್ಪವ್ವಜ್ಜಿಯ ಮುಂದೆ ಹೇಳಿದೆ. ಅವಳು ಮೊಮ್ಮಗನ ತಾಟನ್ನು ಕರುವಿನ ಮುಂದಿಟ್ಟು ಅದರ ಕುತ್ತಿಗೆ ತುರಿಸುತ್ತ ಕೇಳಿಸಿಕೊಂಡಳು. ಖಾಲಿ ತಾಟು ಸುಖದ ಸುದ್ದಿಯಲ್ಲವೆಂದು ನಿನಗೆ ಮೊದಲೇ ಗೊತ್ತಿತ್ತೇನಜ್ಜಿ, ಅದಕ್ಕೇ ಬೋರಲು ಹಾಕಲಿಲ್ಲವೇ ಎಂದು ಕೇಳಿದೆ.

"ನನಗೇನು ಗೊತ್ತವ್ವ ಸಾವಂತ್ರಿ" ಅಂದಳು. "ನಾ ನೋಡೂದು ಒಂದ. ತಾಟು ತುಂಬೇತಿ ಅಂದ್ರ ಅಲ್ಲಿ ಯಾರೋ ಅವಗ ಉಣ್ಣಾಕ ಹಾಕ್ಯಾರ. ದಿನಾ ಇಡತೀನಿ, ದಿನಾ ನೋಡತೀನಿ. ಹಾಕ್ಯಾರ, ಇವತ್ತೂ ಹಾಕ್ಯಾರ ಅಂತ ಮಲಗತೀನಿ. ತುಂಬಿದ ತಾಟು ಕಂಡು ಅಳಬಾರ್ದು. ಏನೋ, ಕರುವಂತೂ ದಪ್ಪಾಗೇತಿ."

ಚಳಿಗಾಲ ಬಂತು. ಹೊಲದಲ್ಲಿ ಜೋಳ ಹಾಲುದುಂಬಿ ನಿಂತಿತು. ಹಸಿ ತೆನೆ ಸುಟ್ಟು ಸೀತನಿ ಮಾಡುವ ಹೊಗೆ ಸಂಜೆಯ ಹೊತ್ತು ಊರ ಮೇಲೆಲ್ಲ ಇರುತ್ತಿತ್ತು. ನಾನು ಚಂಪಾಳ ತಾಟಿಗೆ ಬಡಿಸುವುದನ್ನು ಬಿಡಲಿಲ್ಲ, ಒತ್ತಾಯ ಮಾಡುವುದನ್ನು ಬಿಟ್ಟೆ. ಅವಳು ಒಂದು ತುತ್ತು ತಿನ್ನುವಳು. ಇವತ್ತು ಅಲ್ಲಿ ಏನು ಎಂದು ನಾನು ಕೇಳುವೆ. ಮೀನು, ಅಥವಾ ಗಂಜಿಯ ಹಾಗೆ ಏನೋ ಓಟ್ಸು, ಅಥವಾ ಇವತ್ತು ಯಾರದೋ ಹುಟ್ಟುಹಬ್ಬ ಕಾಣುತ್ತದೆ, ಕೇಕು ಎಂದು ಅವಳು ಹೇಳುವಳು. ಹುಡುಗಿಗೆ ಅಡುಗೆ ಬರುವುದಿಲ್ಲ, ಬ್ರೆಡ್ಡು ಹೊತ್ತಿಸಿದ್ದಾಳೆ ಎಂದು ಒಮ್ಮೆ ನಕ್ಕಳು. ನಾನೂ ನಕ್ಕೆ. ಹಾಗೆ ಮೂರು ಜನ ಒಂದೇ ಪಂಕ್ತಿಯಲ್ಲಿ ಕೂತ ಹಾಗೆ ದಿನ ಹೋಗುತ್ತಿದ್ದವು. ಆದರೂ, ಸುಳ್ಳೇಕೆ ಹೇಳಲಿ, ಮಲಗುವಾಗ ದೇವರ ಮುಂದೆ ನಾನು ಕೇಳಿಕೊಳ್ಳುತ್ತಿದ್ದದ್ದು ಒಂದೇ. ಇವಳು ಒಂದು ಸಲ ನನ್ನ ಮುಂದೆ ಹಸಿದು ಕೂಡಲಿ.

ಅದು ಒಂದು ಸಾಧಾರಣ ದಿನ. ಖಾನಾವಳಿಯವರು ಬಂದು ರೊಟ್ಟಿಯ ಬುಟ್ಟಿ ಒಯ್ದಿದ್ದರು. ಉಳಿದ ಹಿಟ್ಟಿನಲ್ಲಿ ಮನೆಗೆಂದು ರೊಟ್ಟಿ ಬಡಿಯುತ್ತಿದ್ದೆ. ಚಂಪಾ ಹಿತ್ತಲಿನಿಂದ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಂಡಿದ್ದಳು, ಏನೋ ಕೇಳಿಸಿಕೊಳ್ಳುವವರ ಹಾಗೆ.

"ಅಕ್ಕಾ" ಅಂದಳು, "ಹಸಿವ್ಯಾಗೇತಿ."

ನನ್ನ ಕೈ ರೊಟ್ಟಿಯ ಮೇಲೆಯೇ ನಿಂತಿತು. ಹಂಚಿನ ಮೇಲಿದ್ದದ್ದು ಒಂದು ಬದಿ ಕಪ್ಪಾಯಿತು. ಇಷ್ಟು ದಿನ ಕಾದ ಮಾತು, ಬಂದ ಮೇಲೆ ಅದನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಕೂಡು ಅಂದೆ. ತಾಟು ಇಟ್ಟು ಬಡಿಸಿದೆ. ಅವಳು ಮುರಿದು, ಒತ್ತಿ, ಬಾಯಿಗಿಟ್ಟುಕೊಂಡಳು. ಬೇಗ ಬೇಗ ತಿಂದಳು. ಒಂದಾಯಿತು, ಎರಡಾಯಿತು. ಇನ್ನೊಂದು ಹಾಕು ಅಂದಳು. ಹಾಕಿದೆ. ಕಣ್ಣು ತುಂಬ ನೋಡಬೇಕೆಂದಿದ್ದವಳು ನಾನು. ನೋಡಲಾಗದೆ ಒಲೆಯ ಕಡೆಗೆ ತಿರುಗಿದೆ. ಕಟ್ಟಿಗೆ ಸರಿಮಾಡುತ್ತ ಕೂತೆ. ಮಣ್ಣು ಮಾಡಿ ಬಂದವರು ಉಣ್ಣುವ ಹಾಗೆ ಅವಳು ಉಣ್ಣುವ ಸಪ್ಪಳ ಬೆನ್ನ ಹಿಂದೆ ಕೇಳುತ್ತಿತ್ತು. ತಿರುಗಿ ನೋಡಿದಾಗ ತಾಟು ಖಾಲಿಯಾಗಿತ್ತು, ಚಟ್ನಿಯ ಕಣ ಸಹ ಇರಲಿಲ್ಲ. ಚಂಪಾ ಬೆರಳನ್ನು ಅದರ ಅಂಚಿನ ನೆಗ್ಗಿನ ಮೇಲೆ ಆಡಿಸುತ್ತಿದ್ದಳು.

ಮರುದಿನವೂ ಅವಳಿಗೆ ಹಸಿವಾಯಿತು. ಅದರ ಮರುದಿನವೂ.

ರವಿವಾರ ಫೋನು ಬಂತು. ಇಲ್ಸೆಯ ಜೊತೆ ಇನ್ನೊಬ್ಬ ಹುಡುಗಿ ಇದ್ದಳು, ಹೊಸ ಗೆಳತಿಯಂತೆ. ಇಬ್ಬರೂ ಜಡೆ ಬಿಚ್ಚಿ ಒಂದೇ ತರಹ ಕೂದಲು ಕತ್ತರಿಸಿಕೊಂಡಿದ್ದರು. ಮಂಜಿನ ಮೇಲೆ ಜಾರುವುದನ್ನು ಕಲಿಯುತ್ತಿದ್ದಾರಂತೆ. ಬಿದ್ದದ್ದು, ಎದ್ದದ್ದು, ಅದೇ ಮಾತು. ಚಂಪಾ ಎಲ್ಲದಕ್ಕೂ ನಕ್ಕಳು. ತಾಟಿನ ಮಾತನ್ನು ಹುಡುಗಿ ತೆಗೆಯಲಿಲ್ಲ, ಚಂಪಾ ಕೇಳಲಿಲ್ಲ. ಹುಡುಗಿಯ ಹಿಂದೆ, ಗೋಡೆಗೆ ಹೊಂದಿಸಿದ ಹಲಗೆಯ ಮೇಲೆ ಉಳಿದ ತಾಟುಗಳ ನಡುವೆ ಆ ನೀಲಿ ಅಂಚು ನನಗೆ ಕಂಡಿತು. ಚಂಪಾಳಿಗೂ ಕಂಡಿರಬೇಕು. ಹುಡುಗಿ ನನ್ನನ್ನು ನೋಡಿ ಕೈ ಬೀಸಿದಳು. ಊಟಾತಾ ಎಂದು ಕೇಳುತ್ತಾಳೆ ಎಂದು ಕಾದೆ. ಗೆಳತಿ ಎಲ್ಲಿಗೋ ಕರೆದಳು, ಅವಳು ಓಡಿದಳು.

ಸೋಮವಾರ ಮಧ್ಯಾಹ್ನ ಚಂಪಾ ಉಂಡು ಕೈ ತೊಳೆದ ಮೇಲೆ ತನ್ನ ತಾಟನ್ನು ತಾನೇ ಬೆಳಗಿ ತಂದಳು. ಒಂದು ಬಿಸಿ ರೊಟ್ಟಿ ಕೇಳಿದಳು. ಖಾರ ಬೇಡ ಅಂದಳು. ರೊಟ್ಟಿಯನ್ನು ಸಣ್ಣ ಸಣ್ಣ ತುಣುಕು ಮಾಡಿ, ತುಪ್ಪ ಹಾಕಿ, ಬೆಲ್ಲ ಕುಟ್ಟಿ ಉದುರಿಸಿದಳು. ಯಾರಿಗೆ ಎಂದು ನಾನು ಕೇಳಲಿಲ್ಲ. ಆ ಕೂಸಿಗೆ ಅವಳು ಎಷ್ಟು ತುತ್ತು ಉಣ್ಣಿಸಿದ್ದಾಳೋ. ತಾಟನ್ನು ಗೂಡಿನಲ್ಲಿಟ್ಟು ಅವಳು ನನ್ನ ಕಡೆಗೆ ತಿರುಗಿ ನಿಂತಳು. ನಾನೂ ಒಲೆಯ ಕಡೆಗೆ ಮುಖ ಮಾಡಿದೆ. ಹೊರಗೆ ತಿಪ್ಪವ್ವಜ್ಜಿಯ ಕರು ಒಮ್ಮೆ ಕೂಗಿತು.

ತಿರುಗಿ ನೋಡಿದಾಗ ತಾಟು ಹಾಗೇ ಇತ್ತು. ತುಪ್ಪ ಇನ್ನೂ ಹೆಪ್ಪುಗಟ್ಟಿರಲಿಲ್ಲ.

ಚಂಪಾ ಸೆರಗಿನಿಂದ ಮುಖ ಒರೆಸಿಕೊಂಡು, "ಆಕೀದು ಹೊಟ್ಟಿ ತುಂಬೇತಿ ಬಿಡು" ಅಂದಳು. ತಾಟನ್ನು ಎತ್ತಿಕೊಂಡು ಪಕ್ಕದ ಮನೆಯ ಕರುವಿಗೆ ಹಾಕಲು ಹೊರಟವಳು ಬಾಗಿಲಲ್ಲಿ ನಿಂತು ಕೇಳಿದಳು.

"ಅಕ್ಕಾ, ನಾಳಿಗೆ ಬೆಲ್ಲ ಐತೇನು?"

ಡಬ್ಬಿಯಲ್ಲಿ ಇದ್ದದ್ದು ಅಷ್ಟೇ, ಅವಳು ಕುಟ್ಟಿ ಹಾಕಿದ್ದು. ಐತಿ ಅಂದೆ. ಅವಳು ಅತ್ತ ಹೋದ ಮೇಲೆ ಕೈಯ ಹಿಟ್ಟು ತೊಳೆದುಕೊಂಡು, ಮೊಣಕಾಲು ಹಿಡಿದುಕೊಂಡು ಎದ್ದು, ಅಂಗಡಿಗೆ ನಡೆದೆ.